ಚೇಳು, ಹಾವು, ನಾಯಿ ಕೆತ್ತಿದ್ದ ಹೆರಿಗೆ ಬಟ್ಟಲು

ಹೆರಿಗೆ ಬಟ್ಟಲನ್ನು ನಾನು ಮಾರಿಕೊಂಡೆ ಎಂಬ ಮಾತು ಪಿರಿಯಾಪಟ್ಟಣದ ನಮ್ಮ ಬೀದಿಯಲ್ಲಿ ಹಬ್ಬಿದೆ. ನಾನು ಮಾರಿಲ್ಲ. ಹುಣಸೂರಿನಲ್ಲಿ ಹಳೆಯ ವಸ್ತುಗಳ ಪ್ರದರ್ಶನ ನಡೆಸುವ ಸಂಘವೊಂದು ಅದನ್ನು ನನ್ನ ಕೈಯಿಂದ ಪಡೆದುಕೊಂಡು ಹೋಯಿತು. ಹಿಂದಿರುಗಿಸಿದ್ದು ಬೇರೊಂದು ಬಟ್ಟಲನ್ನು. ಕದ್ದವರು ಕಾರಿನಲ್ಲಿ ಓಡಾಡುತ್ತಿದ್ದಾರೆ, ಕಳೆದುಕೊಂಡವಳು ತಲೆ ತಗ್ಗಿಸಿಕೊಂಡು ತರಕಾರಿ ಕೊಳ್ಳುತ್ತಿದ್ದಾಳೆ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆದಿಡುತ್ತೇನೆ.

ಬಟ್ಟಲು ಹಿತ್ತಾಳೆಯದು. ಅಂಗೈಯಲ್ಲಿ ಕೂರುವಷ್ಟು ಅಗಲ, ಆಳ ಕಡಿಮೆ. ಒಳಗಿನ ಅಂಚಿನ ಸುತ್ತ ಅರಬ್ಬೀ ಅಕ್ಷರಗಳ ಪಟ್ಟಿ; ಅಕ್ಷರಗಳ ಗೆರೆಯೊಳಗೆ ಕೂದಲಿನಂಥ ಬೆಳ್ಳಿ ತಂತಿ ಕೂರಿಸಿ ಬಡಿದಿದ್ದರು. ಹೊರಮೈಯಲ್ಲಿ ಒಂದು ಚೇಳು, ಒಂದು ಹಾವು, ಒಂದು ನಾಯಿ. ಚೇಳು ಕುಟುಕಿದವರಿಗೆ, ಹಾವು ಕಚ್ಚಿದವರಿಗೆ, ಹುಚ್ಚುನಾಯಿ ಕಡಿದವರಿಗೆ, ಹೆರಿಗೆ ಕಷ್ಟವಾದವರಿಗೆ ನೀರು ಕುಡಿಸಲೆಂದು ಇಂಥ ಬಟ್ಟಲುಗಳನ್ನು ಮಧ್ಯಯುಗದಲ್ಲಿ ಸಿರಿಯಾ, ಇರಾನಿನ ಕಡೆಯ ಕಂಚುಗಾರರು ಮಾಡುತ್ತಿದ್ದರು. ಆಮೇಲೆ ನಮ್ಮ ದೇಶದಲ್ಲಿಯೂ ಅವುಗಳನ್ನು ನೋಡಿ ಮಾಡಿದರು. ನಮ್ಮದು ಯಾವ ಕಾಲದ್ದೋ ನನಗೆ ತಿಳಿಯದು. ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿದವಳಾದ್ದರಿಂದ, ತಿಳಿಯದ್ದನ್ನು ತಿಳಿದಿದೆ ಎಂದು ಹೇಳುವ ಅಭ್ಯಾಸ ನನಗಿಲ್ಲ.

ಅದು ನಮ್ಮ ಮನೆಗೆ ಬಂದದ್ದು ಪಕ್ಕದ ಮನೆಯ ಅಜ್ಜಿಯಿಂದ. ಆಕೆಯ ಮನೆಯವರು ಹೊಗೆಸೊಪ್ಪಿನ ವ್ಯಾಪಾರ ಮಾಡುತ್ತಿದ್ದ ಮುಸಲ್ಮಾನರು. ಮೈಸೂರಿಗೆ ಹೊರಟುನಿಂತಾಗ ಆಕೆ ಬಟ್ಟಲನ್ನು ನನ್ನ ಅತ್ತೆಯ ಮಡಿಲಿಗೆ ಹಾಕಿ, "ಇದು ನಂದೂ ಅಲ್ಲ ನಿಂದೂ ಅಲ್ಲ ಕಣವ್ವ, ಬೀದೀದು. ನಿನ್ ತಾವ ಇರ್ಲಿ," ಎಂದರಂತೆ. ಅಂದಿನಿಂದ ನಾವು ಅದರ ಕಾವಲಿನವರೇ ಹೊರತು ಒಡೆಯರಲ್ಲ. ಬೀದಿಯಲ್ಲಿ ಯಾರಿಗೆ ನೋವು ಬಂದರೂ ಬಟ್ಟಲು ಹೋಗುತ್ತಿತ್ತು. ಈಗ ಎಲ್ಲರೂ ಹೆರುವುದು ಆಸ್ಪತ್ರೆಯಲ್ಲಿ. ಆದರೂ ಗಾಡಿ ಹತ್ತುವ ಮೊದಲು ಬಟ್ಟಲಿನಲ್ಲಿ ಒಂದು ಗುಟುಕು ಕುಡಿಸಿಯೇ ಕಳಿಸುವುದು. ಚೇಳಿನ ಕೊಂಡಿ ಯಾವ ಕಡೆ ಇದೆಯೋ ಆ ನೇರದ ಅಂಚಿಗೇ ಬಾಯಿಡಬೇಕು ಎಂಬುದು ಅತ್ತೆಯ ಕಟ್ಟಪ್ಪಣೆ. ಬಟ್ಟಲನ್ನು ಹಿಂದಕ್ಕೆ ತರುವಾಗ ಬರಿದಾಗಿ ತರುವಂತಿಲ್ಲ. ಬೆಲ್ಲದ ಚೂರಾದರೂ ಅದರಲ್ಲಿ ಇರಬೇಕು. ನನ್ನ ಎರಡು ಹೆರಿಗೆಗೂ ನಾನು ಅದರಲ್ಲಿ ಕುಡಿದಿದ್ದೇನೆ.

ಸಂಘದ ಕಾರ್ಯದರ್ಶಿ ಹಿಂದೆ ನನ್ನೊಂದಿಗೆ ಒಂದೇ ಶಾಲೆಯಲ್ಲಿದ್ದವರು. ಶಾಲಾ ವಾರ್ಷಿಕೋತ್ಸವಕ್ಕೆ ನಾನು ಬರೆದುಕೊಟ್ಟ ಭಾಷಣವನ್ನು ತಮ್ಮದೆಂದು ಓದಿ, ವೇದಿಕೆಯ ಮೇಲೆ ನನಗೆ ಕುರ್ಚಿಯನ್ನೂ ಹಾಕಿಸದಿದ್ದವರು. ಇದನ್ನು ಅವರು ಮರೆತಿರಬಹುದು. ಬಟ್ಟಲನ್ನು ಕೇಳಲು ಬಂದಾಗ ಮಾತ್ರ ಬಾಯಿತುಂಬ "ಮೇಡಂ, ಮೇಡಂ" ಎಂದರು. ನಮ್ಮ ಬಟ್ಟಲನ್ನು ನಾಲ್ಕು ಜನ ನೋಡಲಿ ಎಂಬ ಆಸೆ ನನಗೂ ಇತ್ತು. ಕೊಟ್ಟೆ.

ಪ್ರದರ್ಶನದ ದಿನ ಹೋಗಿ ನೋಡಿದರೆ, ಬಟ್ಟಲಿನ ಮುಂದಿನ ಚೀಟಿಯಲ್ಲಿ "ಬಿದರಿ ಕಲೆ" ಎಂದು ಬರೆದಿತ್ತು. ಬಿದರಿಯ ಮೈ ಸತುವಿನದು, ಕಪ್ಪು, ಇದು ಹಿತ್ತಾಳೆ. ತಿದ್ದಿಸಿ ಎಂದು ಕಾರ್ಯದರ್ಶಿಗಳಿಗೆ ಹೇಳಿದೆ. "ಬರೋರಿಗೆ ಅದೆಲ್ಲ ಏನ್ ಗೊತ್ತಾಗುತ್ತೆ ಬಿಡಿ ಮೇಡಂ," ಎಂದು ನಕ್ಕರು. ಆ ನಗುವಿಗಿಂತ ನನ್ನನ್ನು ಚುಚ್ಚಿದ್ದು ಬೇರೊಂದು. ಕೈಯಲ್ಲಿ ಭೂತಗನ್ನಡಿ ಹಿಡಿದ ಒಬ್ಬ ಅಪರಿಚಿತರು ನಮ್ಮ ಬಟ್ಟಲಿನ ಮುಂದೆಯೇ ನಿಂತಿದ್ದರು. ಉಳಿದ ಯಾವ ವಸ್ತುವನ್ನೂ ಅವರು ನೋಡಲಿಲ್ಲ. ಕಾರ್ಯದರ್ಶಿಗಳು ಅವರ ಕಿವಿಯ ಬಳಿ ಏನೋ ಹೇಳುತ್ತಿದ್ದವರು, ನಾನು ಹತ್ತಿರ ಬಂದೊಡನೆ ಕೆ.ಆರ್. ನಗರದ ನಾಲೆಯ ನೀರಿನ ವಿಷಯ ತೆಗೆದರು. ಆ ಭೂತಗನ್ನಡಿಯವರ ಪರಿಚಯವನ್ನು ನನಗೆ ಮಾಡಿಸಲಿಲ್ಲ. ಕಾಫಿಯನ್ನೂ ಕೇಳಲಿಲ್ಲ.

ಪ್ರದರ್ಶನ ಮುಗಿದ ಮೇಲೂ ಬಟ್ಟಲು ಬರಲಿಲ್ಲ. ಫೋನ್ ಮಾಡಿದಾಗಲೆಲ್ಲ "ನಾಳೆ" ಎನ್ನುತ್ತಿದ್ದರು. ಕೊನೆಗೊಂದು ದಿನ ಅದನ್ನು ಯಾರೋ ಡ್ರೈವರನ ಕೈಯಲ್ಲಿ ಪೇಪರಿನಲ್ಲಿ ಸುತ್ತಿ ಕಳಿಸಿದರು. ಬಟ್ಟಲು ಬರಿದು. ಬೆಲ್ಲದ ಚೂರೂ ಇಲ್ಲ. ಅದು ಅವರಿಗೆ ತಿಳಿಯದ ಪದ್ಧತಿ ಎಂದು ಬಿಟ್ಟು, ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿದೆ. ಬಟ್ಟಲು ಅಂಗಡಿಯಿಂದ ಆಗ ತಾನೆ ತಂದಂತೆ ಹೊಳೆಯುತ್ತಿತ್ತು. ಕೆತ್ತನೆಯ ಸಂದಿನ ಕಪ್ಪಿಲ್ಲ. ನಾಯಿಯ ಬೆನ್ನಿನ ಮೇಲಿದ್ದ ತಗ್ಗಿಲ್ಲ. ನೆಲದ ಮೇಲಿಟ್ಟರೆ ಒಂದು ಕಡೆಗೆ ವಾಲುತ್ತಿದ್ದ ಬಟ್ಟಲು ಈಗ ನೆಟ್ಟಗೆ ಕೂತಿತ್ತು.

ಮಾರನೆಯ ದಿನವೇ ಬಸ್ಸು ಹಿಡಿದು ಹುಣಸೂರಿಗೆ ಹೋದೆ. ಸಂಘದ ಕೋಣೆಯಲ್ಲಿ ಪದಾಧಿಕಾರಿಗಳೆಲ್ಲ ಕೂತಿದ್ದರು. ಎಲ್ಲರೂ ಕೇಳುವಂತೆ ಕೇಳಿದೆ.

"ಕಪ್ಪು ಎಲ್ಲಿ ಹೋಯಿತು?"

"ಪಾಲಿಶ್ ಹಾಕಿಸಿದ್ವಿ ಮೇಡಂ, ನಮ್ ಖರ್ಚಲ್ಲಿ."

"ತಗ್ಗು?"

"ಬಡಿದು ನೆಟ್ಟಗೆ ಮಾಡ್ಸಿದ್ವಿ."

"ವಾಲುತ್ತಿತ್ತಲ್ಲ?"

"ಬುಡ ಸಮ ಮಾಡ್ಸಿದ್ವಿ. ಅಲ್ರೀ ಮೇಡಂ, ಬೇರೆಯವ್ರಾಗಿದ್ರೆ ಕಾಫಿ ಕುಡ್ಸಿ ಥ್ಯಾಂಕ್ಸ್ ಹೇಳ್ತಿದ್ರು ಕಣ್ರೀ. ನೀವು ಪೊಲೀಸ್ನೋರ ಥರ ಕೇಳ್ತಿದೀರ."

ಸುತ್ತಲಿದ್ದವರು ನಕ್ಕರು. ನಾನು ಇನ್ನೂ ಒಂದು ಕೇಳಿದೆ. "ಕೆತ್ತನೆಗೆ ಕೈ ಹಾಕಿಸಿದಿರೋ?"

"ಛೆ ಛೆ! ಕೆತ್ತನೇಗೆ ಉಳಿ ಮುಟ್ಟಿಸಿಲ್ಲ. ಒಂದು ಗೀರೂ ಹೊಸದಾಗಿ ಹಾಕ್ಸಿಲ್ಲ. ಅಷ್ಟೂ ತಿಳಿಯಲ್ವಾ ನಮಗೆ? ಕೇಳಿ ಬೇಕಾದ್ರೆ ಇವ್ರನ್ನೆಲ್ಲ."

ಎಲ್ಲರೂ ಹೌದೆಂದು ತಲೆಯಾಡಿಸಿದರು. ನನಗೆ ಗುರುತು ಇದ್ದ ಪ್ರತಿಯೊಂದನ್ನೂ ಅಳಿಸಿ, ಅಳಿಸಿದ್ದನ್ನು ಉಪಕಾರವೆಂದು ಕರೆದರೆ, ಮಾತಾಡುವುದೇನು? ಬಟ್ಟಲನ್ನು ತಂದು ಬೀರುವಿನಲ್ಲಿಟ್ಟೆ. ಅನುಮಾನ ಮಾತ್ರ ಬೀರುವಿನೊಳಗೆ ಹೋಗಲಿಲ್ಲ.

ಎದುರು ಮನೆಯಾಕೆ ನನ್ನ ಓರಗೆಯವರು, ಹೊಗೆಸೊಪ್ಪು ಬೆಳೆಯುವ ಮನೆಯವರು. ಒಂದು ಬೆಳಿಗ್ಗೆ ಅವರು ಓಡಿಬಂದರು. ಹೆರಿಗೆಗೆಂದು ಬಂದಿದ್ದ ಮೊಮ್ಮಗಳು ಅವರ ಜಗಲಿಯ ಕಂಬ ಹಿಡಿದು ನಿಂತಿದ್ದಳು.

"ಟೀಚರಮ್ಮ, ಮೊಮ್ಮಗೀಗೆ ನೋವು ಸುರುವಾಗದೆ. ಬಟ್ಲು ಕೊಡಿ ಬಿರ್ನೆ, ಗಾಡಿ ಬಂದು ನಿಂತದೆ."

ಬಟ್ಟಲು ತೆಗೆದು ನೀರು ತುಂಬಿದೆ. ಕುಡಿಸುವವರು ಹಿಡಿಯುವಂತೆ ಹಿಡಿದೆ: ಚೇಳಿನ ಕೊಂಡಿಯ ನೇರಕ್ಕೆ, ಹೆಬ್ಬೆರಳು ಅಂಚಿನ ಒಳಗೆ. ಆಗ ನನ್ನ ಕೈ ನಿಂತುಹೋಯಿತು.

ನಮ್ಮ ಬಟ್ಟಲಿನಲ್ಲಿ ಆ ಒಂದು ಜಾಗ ನುಣುಪಾಗಿತ್ತು. ಬೀದಿಯ ಹೆಂಗಸರೆಲ್ಲ ಅಲ್ಲಿಯೇ ತುಟಿಯಿಟ್ಟು, ಕುಡಿಸಿದವರೆಲ್ಲ ಅಲ್ಲಿಯೇ ಹೆಬ್ಬೆರಳು ಒತ್ತಿ, ಬೆಳ್ಳಿ ತಂತಿ ಎದ್ದುಹೋಗಿ, ಅಕ್ಷರಗಳು ಸವೆದು, ಹಿತ್ತಾಳೆ ಹೊಳೆಯ ಕಲ್ಲಿನಂತಾಗಿತ್ತು. ಅದನ್ನು ನಾನು ಕಣ್ಣಿಟ್ಟು ನೋಡಿದ್ದೇ ಇಲ್ಲ. ಕೈಗೆ ಗೊತ್ತಿತ್ತು, ಅಷ್ಟೆ. ಈಗ ನನ್ನ ಹೆಬ್ಬೆರಳಿನ ಅಡಿಯಲ್ಲಿ ಅಕ್ಷರಗಳಿದ್ದವು. ಅಂಚು ಚೂಪಾದ, ಬೆಳ್ಳಿ ತುಂಬಿದ ಪೂರ್ತಿ ಅಕ್ಷರಗಳು.

"ಏನ್ ನೋಡ್ತಾ ನಿಂತ್ಕಂಡ್ರಿ? ಕೊಡಿ ಇತ್ಲಾಗೆ."

"ಇದು ಆ ಬಟ್ಟಲಲ್ಲ ಕಣಮ್ಮ," ಎಂದೆ. ಸುಮ್ಮನೆ ಕೊಟ್ಟುಬಿಡಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಕಾವಲಿಗಿದ್ದವಳು ಸುಳ್ಳು ಬಟ್ಟಲನ್ನು ನೋವು ತಿನ್ನುವ ಹುಡುಗಿಯ ಬಾಯಿಗೆ ಹೇಗೆ ಇಡುವುದು?

ಆಕೆ ನನ್ನ ಮುಖವನ್ನೂ ಬಟ್ಟಲನ್ನೂ ನೋಡಿದರು. "ನಮ್ಮವ್ವ ಅದ್ರಲ್ಲೇ ಕುಡುದ್ಲು, ನಾ ಕುಡುದೆ, ನನ್ ಮಗ್ಳು ಕುಡುದ್ಲು. ನಮ್ ಮೊಮ್ಮಗೀಗೆ ಬಂದಾಗ ಅದಲ್ಲ ಅಂತೀರಲ್ಲ! ಅಂಗಾರೆ ಅದೆಲ್ಲೋಯ್ತು? ಬೀದಿ ಬಟ್ಲ ಯಾರನ್ ಕೇಳಿ ಆಚೆ ಕೊಟ್ರಿ? ಮಾರ್ಕಂಡ್ರಾ?"

ಉತ್ತರಕ್ಕೆ ಕಾಯಲಿಲ್ಲ. "ಬುಡಿ, ಬುಡಿ," ಎನ್ನುತ್ತಾ ಹೊರಟುಹೋದರು. ಅವರ ಜಗಲಿಯ ಮೇಲೆ ಹುಡುಗಿ ಸ್ಟೀಲ್ ಲೋಟದಲ್ಲಿ ನೀರು ಕುಡಿದು ಗಾಡಿ ಹತ್ತಿದ್ದನ್ನು ಬಾಗಿಲಲ್ಲಿ ನಿಂತು ನೋಡಿದೆ.

ಸುಸೂತ್ರವಾಗಿ ಹೆಣ್ಣುಮಗುವಾಯಿತು. ತಾಯಿ, ಮಗು ಚೆನ್ನಾಗಿದ್ದಾರೆ. ಬೀದಿಯ ಎಲ್ಲ ಮನೆಗೂ ಪೇಡ ಹಂಚಿದರು. ನಮ್ಮ ಎಡಗಡೆಯ ಮನೆಗೆ ಕೊಟ್ಟರು, ಬಲಗಡೆಯ ಮನೆಗೆ ಕೊಟ್ಟರು. ನಮ್ಮ ಬಾಗಿಲನ್ನು ದಾಟಿಕೊಂಡು ಹೋದರು. ಆಕೆಯ ಮೇಲೆ ನನಗೆ ಕೋಪವಿಲ್ಲವೆಂದು ಹೇಳಲಾರೆ. ಆದರೆ ಆಕೆ ಕೇಳಿದ ಪ್ರಶ್ನೆ ನ್ಯಾಯವಾದದ್ದು. ಕೇಳಬೇಕಾದ ವಿಳಾಸ ಮಾತ್ರ ಹುಣಸೂರಿನದು.

ಕಾರ್ಯದರ್ಶಿಗಳಿಗೆ ನಾನು ಮತ್ತೆ ಫೋನ್ ಮಾಡಿಲ್ಲ. ಹೆಬ್ಬೆರಳಿಗೆ ತಿಳಿದದ್ದನ್ನು ಫೋನಿನಲ್ಲಿ ಹೇಳಿದರೆ ಅವರು ಅದಕ್ಕೂ ಒಂದು ಉಪಕಾರವನ್ನು ಹೊಂದಿಸಿಕೊಂಡಾರು. ಹಾಗಾಗಿ ಎಲ್ಲರೂ ಓದುವ ಕಡೆ ಕೇಳುತ್ತಿದ್ದೇನೆ. ಸ್ವಾಮಿ, ತಿಕ್ಕಿದರೆ ಕಪ್ಪು ಹೋಗುತ್ತದೆ, ಬಡಿದರೆ ತಗ್ಗು ಹೋಗುತ್ತದೆ, ಒಪ್ಪಿದೆ. ಕೆತ್ತನೆಗೆ ಉಳಿ ಮುಟ್ಟಿಸಿಲ್ಲ ಎಂದು ಅಷ್ಟು ಜನರ ಮುಂದೆ ನೀವೇ ಹೇಳಿದಿರಿ, ಅದನ್ನೂ ಒಪ್ಪಿದೆ. ಹಾಗಾದರೆ ನಮ್ಮ ಬೀದಿಯ ಹೆಂಗಸರ ತುಟಿಗೆ ಸವೆದುಹೋಗಿದ್ದ ಅಕ್ಷರಗಳು ನಿಮ್ಮ ಪಾಲಿಶಿಗೆ ಮತ್ತೆ ಹುಟ್ಟಿ ಬಂದದ್ದು ಹೇಗೆ?