ತೊಳೆದರೂ ಹೋಗದ ಸಿಸ್ಟಮಿಕ್

ನಮ್ಮ ಊರಿನಲ್ಲಿ ವಿಷವನ್ನು ವಿಷ ಎಂದು ಕರೆಯುವವರು ಯಾರೂ ಇಲ್ಲ. ಔಷಧಿ ಅನ್ನುತ್ತಾರೆ, ಇಲ್ಲವೆ ತೆಲುಗಿನಲ್ಲಿ ಮಂದು. ಮುಳಬಾಗಿಲಿನ ಅಂಗಡಿಯವನು ನಾಡಿ ನೋಡಿದ ಡಾಕ್ಟರನ ಹಾಗೆ ಮುಖ ಮಾಡಿಕೊಂಡು ಡಬ್ಬಿ ಎತ್ತಿ ಕೊಡುತ್ತಾನೆ. ಡಬ್ಬಿಯ ಮೇಲೆ ಕೆಂಪು ತ್ರಿಕೋನ, ತಲೆಬುರುಡೆ, ಇರುವೆ ಸಾಲಿನಂಥ ಇಂಗ್ಲಿಷ್. ಅದನ್ನು ಓದುವ ಕಷ್ಟ ಅವನಿಗೂ ಬೇಡ, ಟೊಮೆಟೊ ಬೆಳೆಯುವ ನನ್ನ ತಮ್ಮನಿಗೂ ಬೇಡ.

ಆವನಿಯ ಹತ್ತಿರ ನಮ್ಮ ಹೊಲಕ್ಕೆ ಅಂಟಿಕೊಂಡೇ ಪಕ್ಕದ ಮನೆಯವಳ ಹಿಪ್ಪುನೇರಳೆ ತೋಟ ಇದೆ. ಅವಳು ರೇಷ್ಮೆ ಹುಳು ಸಾಕುವವಳು. ಅಂಥವರ ಪಕ್ಕದಲ್ಲಿ ಹೊಲ ಇದ್ದರೆ ಮಂದು ಹೊಡೆಯುವ ಹಿಂದಿನ ದಿನ ಹೋಗಿ ಹೇಳಬೇಕು, ಅವರು ಬದುವಿನ ಕಡೆಯ ಸೊಪ್ಪನ್ನು ಮೊದಲೇ ಕೊಯ್ದುಕೊಳ್ಳುತ್ತಾರೆ. ನಮ್ಮಪ್ಪ ತಪ್ಪದೆ ಹೇಳಿ ಬರುತ್ತಿದ್ದರು. ತಮ್ಮನಿಗೆ ಮೂವತ್ತು ಹೆಜ್ಜೆ ನಡೆಯಲು ಟೈಮ್ ಇರಲಿಲ್ಲ. ಬ್ಯಾಟರಿ ಪಂಪು ಬೆನ್ನಿಗೇರಿಸಿ, ಗಾಳಿ ಯಾವ ಕಡೆಗೆ ಎಂದೂ ನೋಡದೆ ಹೊಡೆದ.

ಮಾರನೆಯ ಬೆಳಿಗ್ಗೆ ಅವಳು ನಮ್ಮ ಬದುವಿನಲ್ಲಿ ಬಿದ್ದಿದ್ದ ಖಾಲಿ ಡಬ್ಬಿಯನ್ನು ಕಡ್ಡಿಗೆ ಸಿಕ್ಕಿಸಿಕೊಂಡು ಬಂದಳು. ಹುಳುಗಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಪೊರೆ ಕಳಚಿ, ಆಗತಾನೆ ಎದ್ದಿದ್ದವು. ಆ ಹಸಿವಿಗೆ ಸೊಪ್ಪು ಎಷ್ಟಿದ್ದರೂ ಸಾಲದು. ಅವಳಿಗೆ ಉಳಿದಿದ್ದು ನಮ್ಮ ಮಂದು ತಾಗಿದ ಬದುವಿನ ಸಾಲು ಮಾತ್ರ.

“ಅಕ್ಕಾ, ನೀವು ಕಾನ್ವೆಂಟ್ನಾಗೆ ಓದ್ದೋರು. ಇದ್ರಾಗೆ ಏನ್ ಬರ್ದವ್ರೆ ನೋಡಿ. ಸೊಪ್ಪು ಹಾಕ್ಬೋದಾ?”

ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದೆ. ಆರ್ಗನೋಫಾಸ್ಫೇಟ್. ಸಿಸ್ಟಮಿಕ್ ಇನ್‌ಸೆಕ್ಟಿಸೈಡ್. ಬಾಟನಿ ಕಲಿಸಿದ ಸಿಸ್ಟರ್ ಕೇಳಿದ್ದರೆ ಮೆಚ್ಚಿಕೊಳ್ಳುವಂಥ ಪ್ರೊನನ್ಸಿಯೇಶನ್. ಅರ್ಥವೂ ಚೆನ್ನಾಗಿಯೇ ಗೊತ್ತಿತ್ತು. ಆ ಸಿಸ್ಟರ್ ಒಮ್ಮೆ ಕರ್ಣಕುಂಡಲದ ಗಿಡವನ್ನು ಬೇರುಸಮೇತ ಕಿತ್ತು ಕೆಂಪು ಇಂಕಿನ ಗ್ಲಾಸಿನಲ್ಲಿ ನಿಲ್ಲಿಸಿದ್ದರು. ಲಂಚ್ ಬೆಲ್ ಹೊಡೆಯುವಷ್ಟರಲ್ಲಿ ಗಾಜಿನಂಥ ಕಾಂಡದೊಳಗೆ ಕೆಂಪು ಗೆರೆ ಏರಿ ಎಲೆಯ ನರಗಳಿಗೆ ಹಬ್ಬಿತ್ತು. ಹೌ ಪ್ರೆಟಿ ಎಂದು ಹುಡುಗಿಯರೆಲ್ಲ ಮುಗಿಬಿದ್ದಿದ್ದೆವು. ಸಿಸ್ಟಮಿಕ್ ಮಂದೂ ಹಾಗೆಯೇ. ಎಲೆಯ ಮೇಲೆ ಕೂತಿರುವುದಿಲ್ಲ, ಒಳಗಿಳಿದು ಗಿಡದ ರಸದಲ್ಲಿ ಸೇರಿಕೊಳ್ಳುತ್ತದೆ. ಕಚ್ಚಿದ ಹುಳು ಸಾಯಲಿ ಎಂದೇ ಮಾಡಿದ್ದು. ಕಾಯಿಕೊರಕವೋ ರೇಷ್ಮೆಯೋ, ಅದಕ್ಕೇನು ಗೊತ್ತು.

ನಾನು ಬಾಯಿ ತೆರೆಯುವ ಮೊದಲೇ ತಮ್ಮ ಕಾಫಿ ಲೋಟ ಕೆಳಗಿಟ್ಟ. “ಅಂಗಡಿಯೋನು ಹೇಳವ್ನೆ, ನೀರಾಗೆ ತೊಳುದ್ರೆ ಹೋಗ್ತದೆ. ಅಲ್ವೇನಕ್ಕ?”

ಅವನ ಮನೆಯಲ್ಲಿ ಉಣ್ಣುವವಳು ನಾನು. “ತೊಳೆದು ಹಾಕಿ ನೋಡಮ್ಮ,” ಅಂದೆ.

ಮಧ್ಯಾಹ್ನ ಅವಳ ಹುಳುಮನೆಗೆ ಹೋದೆ. ಒಂದೊಂದೇ ಎಲೆಯನ್ನು ಬೋರ್‌ವೆಲ್ ಪೈಪಿನ ಕೆಳಗೆ ಉಜ್ಜಿ ತೊಳೆದು, ನೆರಳಿನಲ್ಲಿ ಹಳೆಯ ಸೀರೆಯ ಮೇಲೆ ಹರವಿ ಒಣಗಿಸಿದ್ದಳು. ನಮ್ಮ ಕಾನ್ವೆಂಟಿನ ಕಿಚನ್ನಿನಲ್ಲೂ ಅಷ್ಟು ಶುಚಿ ಇರಲಿಲ್ಲ. ಆ ಸೊಪ್ಪು ತಿಂದ ಮೇಲಿನ ತಟ್ಟೆಗಳ ಹುಳುಗಳು ಆಗಲೇ ತಲೆಯೆತ್ತಿ ತೂಗಾಡುತ್ತಾ ಹಸಿರು ನೀರು ಕಾರುತ್ತಿದ್ದವು. ಅವಳಿನ್ನೂ ಅದನ್ನು ನೋಡಿರಲಿಲ್ಲ, ಬಗ್ಗಿಕೊಂಡು ಕೆಳಗಿನ ತಟ್ಟೆಗಳಿಗೆ ಸೊಪ್ಪು ಹರಡಲು ಹೊರಟಿದ್ದಳು. ಕೈ ಹಿಡಿದು ನಿಲ್ಲಿಸಿ, ಎಷ್ಟು ತೊಳೆದರೂ ಹೋಗುವುದಿಲ್ಲ, ವಿಷ ಎಲೆಯ ಒಳಗೇ ಇದೆ ಎಂದು ಹೇಳಿದೆ.

“ಬೆಳಿಗ್ಗೆ ಗೊತ್ತಿರ್ಲಿಲ್ವಾ ಅಕ್ಕಾ?”

“ಗೊತ್ತಿತ್ತು.”

ಅವಳು ಕೈ ಬಿಡಿಸಿಕೊಂಡು, ಹಿಡಿದಿದ್ದ ಸೊಪ್ಪನ್ನು ಹೊರಗೆ ಸುರಿದಳು. ಶ್ರೀನಿವಾಸಪುರದ ಕಡೆ ತವರು, ಅಲ್ಲಿಂದ ಆಟೋದಲ್ಲಿ ಸೊಪ್ಪು ತರಿಸಿ ಕೆಳಗಿನ ತಟ್ಟೆಗಳನ್ನು ಉಳಿಸಿಕೊಂಡಳು. ಮೇಲಿನವು ಗುಂಡಿ ಸೇರಿದವು. ಹುಳಕ್ಕೆ ಏನೋ ರೋಗ ಬಂದಿತ್ತು ಎಂದು ತಮ್ಮ ಇವತ್ತಿಗೂ ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ. ಅವನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಅಂಗಡಿಯವನಿಗೆ ಓದುವ ಮನಸ್ಸಿಲ್ಲ. ಓದಿ, ಅರ್ಥ ಗೊತ್ತಿದ್ದೂ ನುಂಗಿಕೊಂಡ ನನ್ನಂಥವಳಿಗೆ ಯಾವ ಕ್ಲಾಸಿನಲ್ಲಿ ಜಾಗ?

ಈಗ ಅವಳು ನನ್ನ ಹತ್ತಿರ ಏನನ್ನೂ ಓದಿಸುವುದಿಲ್ಲ. ನಮ್ಮ ಬದುವಿನಲ್ಲಿ ಡಬ್ಬಿ ಕಂಡರೆ ಎತ್ತಿಟ್ಟಿರುತ್ತಾಳೆ. ಅವಳ ಮಗಳು ನರಸಾಪುರದ ಫ್ಯಾಕ್ಟರಿಯ ಶಿಫ್ಟ್ ಮುಗಿಸಿ ಕಂಪನಿ ಬಸ್ಸಿನಿಂದ ಇಳಿದು ಬಂದು, ಫೋನಿನಲ್ಲಿ ಅದರ ಫೋಟೋ ತೆಗೆಯುತ್ತಾಳೆ. ಫೋನು ಅದನ್ನು ಕನ್ನಡ ಮಾಡಿ ಓದುತ್ತದೆ. ಬದುವಿನ ಈಚೆ ನಿಂತ ನನಗೂ ಕೇಳಿಸುತ್ತದೆ. ಅದರ ಪ್ರೊನನ್ಸಿಯೇಶನ್ ಹಾರಿಬಲ್. ಆದರೆ ಅರ್ಥವನ್ನು ಪೂರ್ತಿ ಹೇಳುತ್ತದೆ.