ಚಿಗವ್ವನ ಎಂಟು

ದೂರದೂರಿನವರು ಮೊಬೈಲಿನಲ್ಲಿ ಕೂಡಿ ಆಡುವಂಥ ಚೌಕಾಬಾರವನ್ನು ಕೊಪ್ಪಳದ ಮನೆಯಲ್ಲೇ ಕೂತು ನಾನೊಬ್ಬನೇ ತಯಾರಿಸಿದೆ. ಮೊದಲು ಆಡಿದವರು ಅವ್ವ ಮತ್ತು ಕುಷ್ಟಗಿಯಲ್ಲಿದ್ದ ಅವಳ ತಂಗಿ, ನನ್ನ ಚಿಗವ್ವ. ಪರದೆ ಮುಟ್ಟಿದರೆ ಕವಡೆ ತಾನೇ ಬೀಳುವುದು ಅವ್ವನಿಗೆ ಸರಿಬರಲಿಲ್ಲ.

“ನಮ್ಮ ಕವಡಿ ನಾವ ಹಾಕ್ತೀವಿ. ಎಷ್ಟು ಬಿತ್ತು ಅಂತ ಒತ್ತಾಕ ಜಾಗ ಮಾಡಿಕೊಡು.”

“ಚಿಗವ್ವ ಸುಳ್ಳು ಒತ್ತಿದ್ರ?” ಎಂದು ರೇಗಿದೆ.

“ನನ್ನ ತಂಗಿ ಮ್ಯಾಲ ಸಂಶೇ ಪಡ್ತೀಯೇನು?”

ಸಿಟ್ಟಿನಲ್ಲೇ ಮಾಡಿಕೊಟ್ಟೆ. ಮರುದಿನ ನೋಡಿದರೆ ಚಿಗವ್ವನಿಗೆ ಮೇಲಿಂದ ಮೇಲೆ ಎಂಟೇ ಬಿದ್ದಿತ್ತು. ಅದಕ್ಕಿಂತ ದೊಡ್ಡ ಗರವಿಲ್ಲ. ಅವ್ವ ನೆಲದ ಮೇಲೆ ಕವಡೆ ಚೆಲ್ಲಿ, ಬಿದ್ದಷ್ಟನ್ನೇ ಒತ್ತಿ, ನಗುತ್ತ ಸೋಲುತ್ತಿದ್ದಳು.

“ನೋಡಿದಿ ಏನವ್ವ?” ಅಂದೆ.

“ಸಣ್ಣಾಕಿ ಇದ್ದಾಗಿಂದ ಅಕಿ ಹಂಗ,” ಎಂದಳು. “ಈಗ ನೋಡು, ಖರೇನ ಅಕಿ ಜೋಡಿ ಆಡಿದಂಗ ಆತು.”