ಲಿಡಿಯಾಳ ತವರುಮನೆ

ಅಮೆರಿಕದಲ್ಲಿ ನಿವೃತ್ತರಾದವರು ಕಾಶಿ ರಾಮೇಶ್ವರಕ್ಕೆ ಹೋಗುವುದಿಲ್ಲ. ಕ್ಯಾಮೆರಾ ಹಿಡಿದು ಸ್ಮಶಾನಗಳಿಗೆ ಹೋಗುತ್ತಾರೆ. ಇಲಿನಾಯ್‌ನ ಶಾಮ್‌ಬರ್ಗ್‌ನಲ್ಲಿ ನಮ್ಮ ಪಕ್ಕದ ಮನೆಯ ಕೆರೋಲ್ ಟೀಚರ್ ಕೆಲಸದಿಂದ ಬಿಡುಗಡೆಯಾದದ್ದೇ ತಡ, ತಮ್ಮ ವಂಶದ ಬೇರು ಅಗೆಯಲು ಹೊರಟರು. ತಂದೆಯ ಕಡೆಯವರೆಲ್ಲ ಸಲೀಸಾಗಿ ಸಿಕ್ಕರು. ತಾಯಿಯ ಕಡೆ, ಮುತ್ತಜ್ಜಿ ಲಿಡಿಯಾ ಬಳಿ ಗಾಡಿ ನಿಂತುಬಿಟ್ಟಿತು. ಹತ್ತೊಂಬತ್ತನೆಯ ಶತಮಾನದ ಈ ಹೆಂಗಸಿನ ಗೋರಿಕಲ್ಲು ಆಕೆ ಯಾರ ಹೆಂಡತಿ ಎಂಬುದನ್ನು ಹೇಳುತ್ತಿತ್ತೇ ಹೊರತು ಯಾರ ಮಗಳು ಎಂಬುದನ್ನಲ್ಲ.

ತೊಂಬತ್ತರ ದಶಕದ ಕೊನೆಯ ಆ ಬೇಸಿಗೆಯಲ್ಲಿ ಮೈಸೂರಿನಿಂದ ನಮ್ಮತ್ತೆ ಬಂದಿದ್ದರು. ಕೆರೋಲ್ ಕಾಫಿ ಕುಡಿಯುತ್ತ ಗೋರಿಗಳ ಫೋಟೋ ತೋರಿಸಿದರು. ಕಾಫಿ ಜೊತೆ ನೋಡುವ ಫೋಟೋಗಳಲ್ಲ, ಆದರೆ ಅತ್ತೆ ಮದುವೆ ಆಲ್ಬಮ್ ನೋಡುವಷ್ಟೇ ಆಸಕ್ತಿಯಿಂದ ನೋಡಿದರು. ಲಿಡಿಯಾಳ ಹಿರಿಯ ಮಗ, ನಡುಹೆಸರು ಹಾರ್ಲನ್ ಎಂದಿದ್ದ ಜಾನ್, ಡೆಟ್ರಾಯಿಟ್ ಹತ್ತಿರದ ಹಳ್ಳಿಯೊಂದರಲ್ಲಿ ಹುಟ್ಟಿದನೆಂದು ಅವನ ಕಲ್ಲಿನ ಮೇಲಿತ್ತು.

"ಇದು ಕಲ್ಲುಕುಟಿಗನ ತಪ್ಪು," ಎಂದರು ಕೆರೋಲ್. "ಸಂಸಾರ ಇದ್ದದ್ದು ಇಲಿನಾಯ್‌ನಲ್ಲಿ."

ನಾನು ಕನ್ನಡಕ್ಕೆ ತಿರುಗಿಸಿದೆ. ಅತ್ತೆ ನನ್ನನ್ನೇ ದಡ್ಡಿಯಂತೆ ನೋಡಿದರು. "ತಪ್ಪೆಂಥದ್ದೇ? ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿರ್ತಾಳೆ, ಪಾಪ!"

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದ್ದೇ ತಡ, ಕೆರೋಲ್ ಕಪ್ಪು ಕೆಳಗಿಟ್ಟು ಮ್ಯಾಪ್ ಬಿಚ್ಚಿದರು.

ಮರುವಾರವೇ ಹೊರಟೆವು. ಐದು ಗಂಟೆಯ ದಾರಿ. ಡ್ರೈವ್ ಮಾಡಿದ್ದು ನಾನು, ಪುಳಿಯೋಗರೆ ಅತ್ತೆಯದು, ಆತಂಕವೆಲ್ಲ ಕೆರೋಲ್ ಅವರದು. "ಅಲ್ಲೂ ಸಿಗದಿದ್ದರೆ ಬಿಟ್ಟುಬಿಡ್ತೀನಿ, ಇನ್ನು ನನ್ನ ಮೊಣಕಾಲು ಕೇಳೋದಿಲ್ಲ," ಎಂದರು. ಡೆಟ್ರಾಯಿಟ್ ಇರುವ ಮಿಶಿಗನ್ ರಾಜ್ಯಕ್ಕೆ ಕಾಲಿಡುತ್ತಲೇ ಗಡಿಯಾರ ಒಂದು ಗಂಟೆ ಮುಂದೆ ಹೋಯಿತೆಂದು ಹೇಳಿದರೆ, ಅತ್ತೆ ಅದನ್ನೂ ನನ್ನ ಡ್ರೈವಿಂಗ್ ಲೆಕ್ಕಕ್ಕೇ ಬರೆದರು.

ಹಳ್ಳಿಯ ಚರ್ಚಿನ ಹಿಂದೆ, ಮೇಪಲ್ ಮರದ ಕೆಳಗೆ, ಸಾಲಾಗಿ ಮಲಗಿದ್ದವರೆಲ್ಲ ಹಾರ್ಲನ್‌ಗಳು! ಗಂಡನ ಮನೆತನದ ಹೆಸರಿಗೆ ಮುಂಚೆ, ಮಗನ ಹೆಸರಿನ ನಡುವೆ ಲಿಡಿಯಾ ತನ್ನ ತವರನ್ನು ಸಿಕ್ಕಿಸಿಟ್ಟಿದ್ದಳು. ಎಲ್ಲಕ್ಕಿಂತ ಹಳೆಯ ಕಲ್ಲಿನ ಮೇಲೆ ‘ಲಿಡಿಯಾ ಹಾರ್ಲನ್’ ಎಂದೇ ಇತ್ತು. ಅವಳ ಅಜ್ಜಿಯಿರಬೇಕು, ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವುದು ನಮ್ಮಲ್ಲಿ ಮಾತ್ರವೆಂದು ನಾನು ತಿಳಿದಿದ್ದೆ. ಕೆರೋಲ್ ಹುಲ್ಲಿನ ಮೇಲೆ ಕೂತು ಮಗುವಿನಂತೆ ಅತ್ತರು. ಅತ್ತೆ ಪರ್ಸಿನಿಂದ ಕುಂಕುಮ ತೆಗೆದು ಕಲ್ಲಿಗಿಟ್ಟರು. ಯಾರಾದರೂ ಪೊಲೀಸರನ್ನು ಕರೆದಾರೆಂದು ನಾನು ಸುತ್ತ ನೋಡುತ್ತಿದ್ದೆ.

ಮರಳುವಾಗ ಕೆರೋಲ್ ಅತ್ತೆಯನ್ನು ಕೇಳಿದರು: "ನಿಮ್ಮ ಮುತ್ತಜ್ಜಿಯ ಹೆಸರೇನು?"

"ಹೆಸರಾ? ಅವರನ್ನ ಹೆಸರು ಹಿಡಿದು ಕರೆಯೋ ಧೈರ್ಯ ಯಾರಿಗಿತ್ತು? ದೊಡ್ಡಜ್ಜಿ ಅಂತಿದ್ವಿ. ಹುಳಿಗೆ ಬೆಲ್ಲ ಜಾಸ್ತಿ ಹಾಕೋರು. ನಕ್ಕರೆ ಪಕ್ಕದ ಬೀದಿಗೆ ಕೇಳ್ತಿತ್ತು."

ನಾನು ಇಂಗ್ಲಿಷಿನಲ್ಲಿ ಹೇಳಿದೆ.  ಕೆರೋಲ್ ಮೆಲ್ಲಗೆ, "ನನ್ನ ಲಿಡಿಯಾ ನಗ್ತಿದ್ದಳೋ ಇಲ್ಲವೋ, ಅದು ಯಾವ ಕಲ್ಲಿನ ಮೇಲೂ ಇಲ್ಲ," ಎಂದರು.

ಅತ್ತೆಗೆ ಅದರಲ್ಲೇನೂ ಅನುಮಾನವಿರಲಿಲ್ಲ. "ನಗದೆ ಏನು? ಬಾಣಂತನಕ್ಕೆ ಅಮ್ಮನ ಮನೆಗೆ ಬಂದಿದ್ದಳಲ್ಲ!"